ಕಟ್ಟಡ ಮತ್ತು ಕಟ್ಟಳೆ: ಅಂತಾರಾಷ್ಟ್ರೀಯ ವಿದ್ವತ್ ಸಂಘವೊಂದರ ನಿಯಮಾವಳಿ

ಕಟ್ಟಡ, ಕಟ್ಟಳೆ, ಕಟ್ಟುಪಾಡು ಎಂಬ ಮೂರು ಪದಗಳೂ 'ಕಟ್ಟು' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಕಲ್ಲಿಗೆ ಕಲ್ಲನ್ನು ಕೂಡಿಸುವುದನ್ನೂ ಜನರನ್ನು ನಿಯಮಕ್ಕೆ ಒಳಪಡಿಸುವುದನ್ನೂ ಕನ್ನಡವು ಒಂದೇ ಮಾತಿನಲ್ಲಿ ಹಿಡಿದಿದೆ. ಸೇತುವೆ ಹಾಗೂ ಕಟ್ಟಡಗಳ ತಜ್ಞರು ತಮಗಾಗಿಯೇ ಕಟ್ಟಿಕೊಂಡ ಸಂಘವೊಂದರ ಕಟ್ಟಳೆಗಳನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೇತುವೆ ಮತ್ತು ರಚನಾ ಎಂಜಿನಿಯರಿಂಗ್‌ನ ಅಂತಾರಾಷ್ಟ್ರೀಯ ಸಂಘವು 1926ರ ಜ್ಯೂರಿಕ್ ಹಾಗೂ 1928ರ ವಿಯೆನ್ನಾ ಸಮಾವೇಶಗಳ ಫಲವಾಗಿ 1929ರಲ್ಲಿ ಸ್ಥಾಪನೆಗೊಂಡಿತು. ನಾನಾ ದೇಶಗಳ ಸದಸ್ಯರು ರಾಷ್ಟ್ರೀಯ ಗುಂಪುಗಳಾಗಿ ಸಂಘಟಿತರಾಗಿದ್ದು, ಭಾರತಕ್ಕೂ ಅಂಥದೊಂದು ಗುಂಪಿದೆ. ಸಂಘದ ಕೇಂದ್ರ ಜ್ಯೂರಿಕ್‌ನಲ್ಲಿರುವುದರಿಂದ ಅದರ ನಿಯಮಾವಳಿಗೆ ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯೇ ಆಧಾರ. 1912ರಲ್ಲಿ ಜಾರಿಗೆ ಬಂದ ಈ ಸಂಹಿತೆಯ ಪ್ರಕಾರ ಸಂಘದ ಉದ್ದೇಶ, ಸಂಪನ್ಮೂಲ ಹಾಗೂ ಆಡಳಿತ ವ್ಯವಸ್ಥೆ ಲಿಖಿತವಾಗಿರತಕ್ಕದ್ದು. ತನ್ನ, ತನ್ನ ಬಾಳಸಂಗಾತಿಯ ಅಥವಾ ನೇರ ರಕ್ತಸಂಬಂಧಿಯ ವ್ಯಾಜ್ಯದಲ್ಲಿ ಸದಸ್ಯನಿಗೆ ಮತವಿಲ್ಲ. ಸಭೆಯ ನಿರ್ಣಯವು ಕಾನೂನಿಗೋ ನಿಯಮಾವಳಿಗೋ ವಿರುದ್ಧವಾಗಿದ್ದಲ್ಲಿ, ಅದಕ್ಕೆ ಸಮ್ಮತಿಸದ ಒಬ್ಬನೇ ಸದಸ್ಯನೂ ವಿಷಯ ತಿಳಿದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ನಮ್ಮ ಬುಡಕಟ್ಟು ಹಾಗೂ ಕುಲಸಮುದಾಯಗಳ ಕಟ್ಟೆಮನೆಗಳಲ್ಲಿಯೂ ಯಜಮಾನ, ಕೋಲುಕಾರ ಮೊದಲಾದ ಅಧಿಕಾರ ಸ್ಥಾನಗಳಿವೆ, ತಪ್ಪಿಗೆ ದಂಡವಿದೆ. ನಿಯಮಗಳು ಹಿರಿಯರ ನೆನಪಿನಲ್ಲಿರುತ್ತವೆ. ಲಿಖಿತವಲ್ಲ ಎಂಬ ಕಾರಣಕ್ಕೆ ಅವುಗಳನ್ನು ದುರ್ಬಲವೆನ್ನಲಾಗದು. ಆದರೆ ಕೂಟದ ತೀರ್ಮಾನವನ್ನು ಒಪ್ಪದವನ ಮುಂದೆ ಕೊನೆಗೆ ಉಳಿಯುತ್ತಿದ್ದುದು ಬಹಿಷ್ಕಾರದ ಭೀತಿ. ಹೀಗಾಗಿ ಈ ಎರಡು ವ್ಯವಸ್ಥೆಗಳ ನಡುವಣ ನಿಜವಾದ ಅಂತರವಿರುವುದು ಬರಹದಲ್ಲಲ್ಲ, ಭಿನ್ನಮತೀಯನಿಗೆ ದೊರೆಯುವ ಸ್ಥಾನದಲ್ಲಿ.

ಈ ಮಾತನ್ನು ನಮ್ಮ ನಗರಕ್ಕೂ ಅನ್ವಯಿಸಿ ನೋಡಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂತಹ ಬಡಾವಣೆಗಳಲ್ಲಿ ಕ್ಷೇಮಾಭಿವೃದ್ಧಿ ಸಂಘಗಳೂ ಕಲಾಸಂಘಗಳೂ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ರೂಪುಗೊಳ್ಳುತ್ತವೆ. ಕನಿಷ್ಠ 7 ಮಂದಿ ಕೂಡಿ ಸಂಘ ಸ್ಥಾಪಿಸಬಹುದು. ಆಡಳಿತ ಮಂಡಳಿಯ ಬಹುಮತ ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದವರು ಕೋರಿದಲ್ಲಿ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಒಂಟಿ ಸದಸ್ಯನಾದರೋ ಆ ಅಧಿಕಾರಿಯ ವಿವೇಚನೆಯನ್ನೋ ಸಿವಿಲ್ ನ್ಯಾಯಾಲಯವನ್ನೋ ನೆಚ್ಚಬೇಕಾಗುತ್ತದೆ. ಹೀಗಿರುವಾಗ, ಸದಸ್ಯನೊಬ್ಬನ ಆಕ್ಷೇಪವನ್ನು ಯಾರು, ಎಷ್ಟು ದಿನಗಳೊಳಗೆ ಆಲಿಸಬೇಕೆಂಬುದನ್ನು ಸಂಘದ ಉಪವಿಧಿಯಲ್ಲೇ ನಮೂದಿಸುವುದು ಅಗತ್ಯ. ಬೇರೊಂದು ಸಂಘದ ಬೈಲಾವನ್ನು ಹೆಸರು ಬದಲಿಸಿ ನಕಲು ಮಾಡಿದರೆ ಈ ಅಂಶ ಸುಲಭವಾಗಿ ಕೈತಪ್ಪುತ್ತದೆ.

ಕಟ್ಟಡದ ಬಲವನ್ನು ಅಳೆಯುವವರು ಭಾರ ಎಲ್ಲಿ ಹೆಚ್ಚು ಬೀಳುವುದೋ ಅಲ್ಲಿ ಮೊದಲು ಪರೀಕ್ಷಿಸುತ್ತಾರೆ. ಸಂಘದ ಕಟ್ಟಳೆಯಲ್ಲಿ ಆ ಭಾರವೆಲ್ಲ ಬೀಳುವುದು ಒಪ್ಪದೆ ಉಳಿದ ಒಬ್ಬನ ಮೇಲೆ. ಕಟ್ಟೆಮನೆಯಿಂದ ಜ್ಯೂರಿಕ್‌ವರೆಗಿನ ಸಂಘಜೀವನವನ್ನು ಅಧ್ಯಯನ ಮಾಡುವವರು ಪರೀಕ್ಷಿಸಬೇಕಾದ ಸ್ಥಳವೂ ಅದೇ ಆಗಿದೆ.