ಜಾಲಪುಟದ ವಿನ್ಯಾಸ: ಅಕ್ಷರದಿಂದ ಆರಂಭ

ಜಾಲತಾಣ ರಚನೆಯನ್ನು ಕುರಿತ ಮಾತುಕತೆಯನ್ನು ನೀವು ಪರದೆಯ ಮೇಲೆ ನೋಡಿರಬಹುದು. ಅರ್ಧ ಗಂಟೆಯ ಮಾತಿನಲ್ಲಿ ಹಿಡಿಸದ, ನಿಧಾನವಾಗಿ ಓದಿ ಕೈಯಾರೆ ಮಾಡಿ ನೋಡಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ. ಬೇಕಾಗುವುದು ಒಂದು ಗಣಕಯಂತ್ರ, ಅದರಲ್ಲೇ ಇರುವ ನೋಟ್‌ಪ್ಯಾಡ್, ಒಂದು ಬ್ರೌಸರ್ ಮಾತ್ರ. ಅಭ್ಯಾಸದ ಹಂತದಲ್ಲಿ ಅಂತರಜಾಲದ ಸಂಪರ್ಕ ಕೂಡ ಬೇಕಿಲ್ಲ.

ನಮ್ಮೂರಿನದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೈಸೂರು ರೈಲು ನಿಲ್ದಾಣದ ಸಮೀಪ, ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಹಳೆಯ ಉಗಿ ಎಂಜಿನ್‌ಗಳು, ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿವೆ. ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಮಾಡಬೇಕೆಂದುಕೊಳ್ಳಿ. ಹೊಸಬರು ಸಾಮಾನ್ಯವಾಗಿ ಹಿನ್ನೆಲೆಯ ಬಣ್ಣ ಹುಡುಕುವುದರಿಂದ ಶುರುಮಾಡುತ್ತಾರೆ. ಅದನ್ನು ಬದಿಗಿಟ್ಟು, ಈ ಪುಟಕ್ಕೆ ಯಾರು ಬರುತ್ತಾರೆ ಎಂದು ಯೋಚಿಸಿ. ಮಂಡ್ಯದ ಶಾಲೆಯಿಂದ ನಲವತ್ತು ಮಕ್ಕಳನ್ನು ಕರೆತರುವ ಮೇಷ್ಟ್ರಿಗೆ ಮೊದಲು ಬೇಕಾದುದು ಎಂಜಿನ್ನಿನ ಇತಿಹಾಸವಲ್ಲ. ವಾರದ ರಜೆ ಯಾವತ್ತು, ಟಿಕೆಟ್ ಎಷ್ಟು, ಬಸ್ಸು ಎಲ್ಲಿ ನಿಲ್ಲಿಸಬೇಕು ಎಂಬುದು. ಅದು ಪುಟದ ತಲೆಯಲ್ಲೇ ಇರಲಿ. ವಾರ್ತೆಯಲ್ಲಿ ಮುಖ್ಯಾಂಶಗಳು ಮೊದಲು ಬರುವುದೂ ಇದೇ ಕಾರಣಕ್ಕೆ.

ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. ಇದು ತಲೆಬರಹ, ಇದು ಉಪಶೀರ್ಷಿಕೆ, ಇದು ಪ್ಯಾರಾ ಎಂದು ಬ್ರೌಸರಿಗೆ ಗುರುತು ಹಾಕಿ ಹೇಳುವುದಷ್ಟೇ ಅದರ ಕೆಲಸ. ಬಣ್ಣ, ಗಾತ್ರ, ಅಂತರಗಳನ್ನು ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ತಲೆಬರಹವಾಗುವುದಿಲ್ಲ. ಎಚ್1, ಎಚ್2 ಎಂಬ ಗುರುತನ್ನೇ ಹಾಕಬೇಕು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಈಗ ಅಕ್ಷರಕ್ಕೆ ಬರೋಣ. ಕನ್ನಡದ ಜಾಲಪುಟ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಜಾಲದಲ್ಲಿ ಆರಂಭಿಸಿದ ಕಾಲದಲ್ಲಿ ಕನ್ನಡವನ್ನು ಪರದೆಗೆ ತರುವುದೇ ಸಾಹಸವಾಗಿತ್ತು. ಆಗಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು, ಅದೂ ಒಬ್ಬೊಬ್ಬರದು ಒಂದೊಂದು ರೀತಿ. ಓದುವವರ ಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು 128 ಸ್ಥಾನಗಳನ್ನು ಕಾದಿರಿಸಲಾಯಿತು. ಆದರೂ ಸಾಮಾನ್ಯ ಬಳಕೆದಾರನ ಯಂತ್ರಕ್ಕೆ ಅದು ತಲುಪಲು ವರ್ಷಗಳೇ ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದಿತು. ಯೂನಿಕೋಡ್‌ನಲ್ಲಿ ಸಂಗ್ರಹವಾಗುವುದು ಆಕಾರವಲ್ಲ, ಅಕ್ಷರ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ಅರ್ಧಾಕ್ಷರ ಚಿಹ್ನೆ, ತ, ಮತ್ತೆ ಅರ್ಧಾಕ್ಷರ ಚಿಹ್ನೆ, ರ, ಈಕಾರ ಹೀಗೆ ಆರು ಸಂಕೇತಗಳ ಸರಣಿ. ಅದನ್ನು ಒಂದಾಗಿ ಕೂಡಿಸಿ ತೋರಿಸುವುದು ಫಾಂಟಿನ ಹೊಣೆ. ನೀವು ಮಾಡಬೇಕಾದುದು ಇಷ್ಟು: ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಪುಟದ ಆರಂಭದಲ್ಲೂ ಹಾಗೆಂದು ನಮೂದಿಸಿ, ಪುಟದ ಭಾಷೆ ಕನ್ನಡ ಎಂದು ತಿಳಿಸಿ.

ಇಷ್ಟೆಲ್ಲ ಸೌಕರ್ಯ ಬಂದ ಮೇಲೂ ಆಮಂತ್ರಣ ಪತ್ರಿಕೆಯಂತೆ ಬರಹವನ್ನೆಲ್ಲ ಒಂದು ಚಿತ್ರವಾಗಿ ಮಾಡಿ ಪುಟಕ್ಕೆ ಅಂಟಿಸುವವರಿದ್ದಾರೆ. ಅಂದವೇನೋ ಇರುತ್ತದೆ. ಆದರೆ ಮೈಸೂರಿನ ತಿಲಕನಗರದಲ್ಲಿ ದೃಷ್ಟಿಯಿಲ್ಲದ ಮಕ್ಕಳ ಸರ್ಕಾರಿ ಶಾಲೆಯಿದೆ. ಅಂಥ ವಿದ್ಯಾರ್ಥಿಗಳು ಎನ್‌ವಿಡಿಎಯಂತಹ ಉಚಿತ ತಂತ್ರಾಂಶದಿಂದ ಪುಟವನ್ನು ಕೇಳಿ ತಿಳಿಯಬಹುದು. ತಲೆಬರಹದಿಂದ ತಲೆಬರಹಕ್ಕೆ ಜಿಗಿದು ಬೇಕಾದುದನ್ನು ಹುಡುಕಬಹುದು. ಎಚ್1, ಎಚ್2 ಗುರುತುಗಳು ಬೇಕಾಗುವುದು ಇದಕ್ಕೇ. ಚಿತ್ರದೊಳಗೆ ಸಿಕ್ಕಿಕೊಂಡ ಬರಹದ ಮುಂದೆ ಆ ತಂತ್ರಾಂಶ ಮೂಕವಾಗುತ್ತದೆ. ಆದುದರಿಂದ ಬರಹ ಬರಹವಾಗಿಯೇ ಇರಲಿ. ಚಿತ್ರ ಹಾಕಿದಲ್ಲೆಲ್ಲ ‘ಆಲ್ಟ್’ ಎಂಬ ಜಾಗದಲ್ಲಿ ‘ಮಹಾರಾಣಿಯವರ ಸಲೂನ್ ಬೋಗಿಯ ಒಳನೋಟ’ ಎಂಬಂತೆ ಒಂದು ಸಾಲು ವಿವರಣೆ ಬರೆಯಿರಿ.

ಇಂಗ್ಲಿಷ್ ಪುಸ್ತಕಗಳ ಸೂತ್ರಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದು ನೋಡಿ. ಸಾಲುಗಳು ಇಕ್ಕಟ್ಟಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ದೂರದರ್ಶನದ ಪರದೆಗೆ ಶೀರ್ಷಿಕೆ ಬರೆಯುವವರಿಗೆ ಇದು ದಿನನಿತ್ಯದ ತಲೆನೋವು. ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಸಾಲಿನ ಎತ್ತರ ಅದರ ಒಂದೂವರೆ ಪಟ್ಟು, ಸಾಧ್ಯವಾದರೆ ಇನ್ನೂ ತುಸು ಹೆಚ್ಚಿರಲಿ. ಅಂತೆಯೇ ನಮ್ಮ ಪದಗಳು ಉದ್ದ. ‘ನಿಲ್ಲಿಸಬೇಕಾಗಿರುವುದರಿಂದ’ ಎಂಬ ಒಂದೇ ಪದ ಫೋನಿನ ಪರದೆಯ ಅಗಲವನ್ನು ಬಹುಮಟ್ಟಿಗೆ ತುಂಬಬಲ್ಲದು. ಎರಡೂ ಅಂಚು ಸಮವಾಗಿಸಲು ಹೋದರೆ ಪದಗಳ ನಡುವೆ ಹಳ್ಳಗಳು ಬೀಳುತ್ತವೆ. ಎಡ ಅಂಚು ಮಾತ್ರ ಸಮವಿದ್ದರೆ ಸಾಕು. ಫೋನಿನ ಅಗಲಕ್ಕೆ ಪುಟ ಹೊಂದಿಕೊಳ್ಳಲು ‘ವ್ಯೂಪೋರ್ಟ್’ ಎಂಬ ಒಂದು ಸಾಲನ್ನು ಮರೆಯದೆ ಸೇರಿಸಿ.

ಛಾಯಾಚಿತ್ರಗಳ ವಿಷಯದಲ್ಲಿ ಸ್ವಲ್ಪ ಗಣಿತ. ಫೋನಿನಲ್ಲಿ ತೆಗೆದ 4000 ಅಗಲ, 3000 ಎತ್ತರದ ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳಿವೆ. ಅಗಲವನ್ನು 1000ಕ್ಕೆ ಇಳಿಸಿದರೆ ಎತ್ತರ 750 ಆಗಿ, ಒಟ್ಟು ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಸಂಪರ್ಕ ದುರ್ಬಲವಾಗಿರುವ ಊರಿನಿಂದ ಪುಟ ತೆರೆಯುವವರಿಗೆ ಇದರಿಂದ ದೊಡ್ಡ ಉಪಕಾರ.

ಬಣ್ಣದ ಬಗ್ಗೆ ಒಂದೇ ನಿಯಮ ಸಾಕು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಕಪ್ಪಾದರೆ ಅದು 21ಕ್ಕೆ 1. ಹಳದಿಯ ಮೇಲೆ ಬಿಳಿ ಅಕ್ಷರ ಯಾರಿಗೂ ಬೇಡ. ಮಿನುಗುವ, ಓಡುವ ಅಕ್ಷರಗಳ ಗೊಡವೆಯಂತೂ ಬೇಡವೇ ಬೇಡ.

ಪುಟ ಸಿದ್ಧವಾದ ಮೇಲೆ ಅದನ್ನು ಒಂದು ಹಳೆಯ ಫೋನಿನಲ್ಲಿ ತೆರೆದು, ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಬಿಸಿಲಿನಲ್ಲಾದರೆ ಇನ್ನೂ ಒಳ್ಳೆಯದು. ‘ಅಜ್ಜಿ, ಮ್ಯೂಸಿಯಂಗೆ ರಜೆ ಯಾವತ್ತು, ನೋಡಿ ಹೇಳ್ತೀರಾ?’ ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಎಲ್ಲಿ ಒತ್ತಬೇಕೆಂದು ಬಾಯಿ ಬಿಡಬೇಡಿ. ಅವರ ಬೆರಳು ಎಲ್ಲಿ ತಡೆಯಿತು, ಕಣ್ಣು ಎಲ್ಲಿ ಕಿರಿದಾಯಿತು ಎಂಬುದನ್ನು ಮಾತ್ರ ಬರೆದುಕೊಳ್ಳಿ. ಮರುದಿನ ತಿದ್ದಬೇಕಾದ ಪಟ್ಟಿ ಅದೇ.