ಅತ್ತೆಯವರ ಪ್ರಶ್ನೆ: ಅದು ನಮ್ಮ ಮನೆ ಮಗುನೇನಾ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಕಳೆದ ತಿಂಗಳು ಬಂದ ಒಂದು ಪತ್ರದಲ್ಲಿ ಹಾಡೂ ಇರಲಿಲ್ಲ, ಹೆಸರೂ ಇರಲಿಲ್ಲ. "ಮದುವೆಯಾಗಿ ಆರು ವರ್ಷ. ಐವಿಎಫ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಅದು ನಮ್ಮ ಮನೆ ಮಗುನೇ ಆಗಿರುತ್ತಾ ಅಂತ ನಮ್ಮತ್ತೆ ಕೇಳ್ತಾರೆ. ಏನು ಹೇಳಲಿ?"

ಅತ್ತೆಯವರ ಪ್ರಶ್ನೆ ನಗುವಂಥದ್ದಲ್ಲ. ಅನೇಕರ ಮನಸ್ಸಿನಲ್ಲಿರುವುದೇ ಅದು.

ಅಂಡಾಣು, ವೀರ್ಯಾಣು ಸಹಜವಾಗಿ ಕೂಡುವುದು ಹೆಣ್ಣಿನ ಅಂಡನಾಳದಲ್ಲಿ. ಐವಿಎಫ್‌ನಲ್ಲಿ ಆ ಒಂದು ಘಟ್ಟ ಮಾತ್ರ ಪ್ರಯೋಗಾಲಯದಲ್ಲಿ ನಡೆಯುತ್ತದೆ. ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಬಲಿಯುತ್ತದೆ. ಹತ್ತು ಹನ್ನೆರಡು ದಿನ ಇಂಜೆಕ್ಷನ್ ಕೊಟ್ಟು ಹಲವು ಬಲಿಯುವಂತೆ ಮಾಡುತ್ತಾರೆ, ನಡುನಡುವೆ ಸ್ಕ್ಯಾನಿಂಗ್. ಕೊನೆಯ ಇಂಜೆಕ್ಷನ್ ಆದ ಸುಮಾರು 36 ಗಂಟೆಗೆ, ಮಂಪರು ಬರಿಸಿ, ತೆಳುವಾದ ಸೂಜಿಯಿಂದ ಅವನ್ನು ಹೊರತೆಗೆಯುತ್ತಾರೆ. ಗಂಡನ ವೀರ್ಯಾಣುವಿನ ಜೊತೆ ಸೇರಿಸಿ ಇಂಕ್ಯುಬೇಟರ್‌ನಲ್ಲಿಡುತ್ತಾರೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುತ್ತಾರೆ. ಸುಮಾರು ಎರಡು ವಾರದ ಮೇಲೆ ರಕ್ತಪರೀಕ್ಷೆ. ಪ್ರನಾಳ ಶಿಶು ಎಂಬ ಹೆಸರೇನೋ ಬಂದಿದೆ. ಆದರೆ ಗಾಜಿನಲ್ಲಿ ಇರುವುದು ಐದು ದಿನ, ಅಮ್ಮನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು!

ಹಾಗಾಗಿ ಅಂಡಾಣು, ವೀರ್ಯಾಣು ದಂಪತಿಯದೇ ಆದರೆ ಮಗು ರಕ್ತದಿಂದಲೂ ಅವರದೇ. ದಾನಿಯದು ಬೇಕಾದರೆ 2021ರ ಕಾನೂನಿನಂತೆ ದಂಪತಿಯ ಲಿಖಿತ ಒಪ್ಪಿಗೆ ಇರಲೇಬೇಕು. ಹಾಗೆ ಹುಟ್ಟಿದ ಮಗುವೂ ಕಾನೂನಿನ ಪ್ರಕಾರ ಆ ದಂಪತಿಯದೇ.

ಇದು ಹೊಸ ವಿದ್ಯೆಯೂ ಅಲ್ಲ. ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ; 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ನಮ್ಮ ಚೆನ್ನೈಗೆ ಇದು ಬಂದದ್ದು 1990ರಲ್ಲಿ, ನಟ ಜೆಮಿನಿ ಗಣೇಶನ್ ಅವರ ಮಗಳು ಡಾ. ಕಮಲಾ ಸೆಲ್ವರಾಜ್ ಅವರಿಂದ.

ಪತ್ರದಲ್ಲಿ ಇನ್ನೊಂದು ಸಾಲಿತ್ತು: "ನನ್ನ ಪರೀಕ್ಷೆಯೆಲ್ಲ ಆಗಿದೆ, ಇವರದು ಆಗಿಲ್ಲ. ಹೇಳೋಕೆ ಧೈರ್ಯವಿಲ್ಲ." ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಐವಿಎಫ್ ಮಾತಿಗೆ ಮುಂಚೆಯೇ ಆಗಬೇಕಾದದ್ದು ಅದು. ವೀರ್ಯಾಣು ತೀರಾ ಕಡಿಮೆ ಇದ್ದರೂ, ಒಂದನ್ನೇ ಆರಿಸಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನವಿದೆ.

ಬೋರ್ಡಿನ ಮೇಲಿನ ಶೇಕಡಾ ಲೆಕ್ಕ ನೋಡಿ ಹಣ ಕಟ್ಟಬೇಡಿ. ಅದು ಗರ್ಭ ನಿಂತವರ ಲೆಕ್ಕವೋ, ಮಗು ಎತ್ತಿಕೊಂಡು ಮನೆಗೆ ಹೋದವರ ಲೆಕ್ಕವೋ, ನಿಮ್ಮ ವಯಸ್ಸಿನವರಲ್ಲಿ ಎಷ್ಟು, ಕೇಳಿ. ನಲವತ್ತು ದಾಟಿದವರಲ್ಲಿ ಫಲ ಬಹಳ ಇಳಿಯುತ್ತದೆ. ಇಂಜೆಕ್ಷನ್ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ, ಕ್ಲಿನಿಕ್ ನೋಂದಣಿಯಾಗಿದೆಯೇ ಎಂಬುದನ್ನೂ ಕೇಳಿ.

ಪತ್ರ ಬರೆದ ಸೋದರಿ, ಈ ಪುಟವನ್ನು ಅತ್ತೆಯವರಿಗೆ ಓದಿ ಹೇಳಿ. ಆಗ ಯಜಮಾನರೂ ಪಕ್ಕದಲ್ಲೇ ಕೂತಿರಲಿ.