ಹಳೇ ಮೆಟಡೋರ್‌ಗೆ ಹೊಸ ಬೋರ್

ಸಂಡೂರು ಗುಡ್ಡಗಳ ಕೆಂಪು ದೂಳು ಹೊಸಪೇಟೆಯ ಗ್ಯಾರೇಜುಗಳಿಗೆ ಬಹಳ ವರ್ಷ ಅನ್ನ ಹಾಕಿದೆ. ಅಲ್ಲಿನ ಅದಿರಿನಲ್ಲಿರುವ ಕಬ್ಬಿಣದ ಆಕ್ಸೈಡನ್ನು ನುಣ್ಣಗೆ ಮಾಡಿ ಗಾಜಿಗೂ ಚಿನ್ನಕ್ಕೂ ಹೊಳಪು ಕೊಡಲು ಬಳಸುತ್ತಾರೆ. ಉಜ್ಜಿ ಸವೆಸುವ ಅದೇ ಗುಣ ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ಇಳಿದರೆ ಎಂಜಿನ್ನಿನ ಆಯುಷ್ಯ ಕರಗುತ್ತದೆ. ಅದಿರು ಲಾರಿಗಳ ಕಾಲದಲ್ಲಿ ಇಲ್ಲಿನ ಮೇಸ್ತ್ರಿಗಳು ಬಿಚ್ಚಿ ಕಟ್ಟಿದ ಎಂಜಿನ್‌ಗಳಿಗೆ ಲೆಕ್ಕವಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ನಿಂತವು, ಕೆಲಸ ಕುಸಿಯಿತು. ಕಸುಬು ಉಳಿಯಿತು. ಕಂಪ್ಲಿ ಕಡೆಯ ಭತ್ತದ ಗದ್ದೆಗಳ ಟ್ರ್ಯಾಕ್ಟರುಗಳಿಗೂ, ಅಪರೂಪಕ್ಕೊಂದು ಹಳೇ ಮೆಟಡೋರ್ ವ್ಯಾನಿಗೂ ಜೀವ ಕೊಡುವುದು ಇದೇ ಕೈಕಸುಬು.

ವ್ಯಾನಿನಲ್ಲೇ ಮನೆ ಹೂಡಿಕೊಂಡು ತಿರುಗುವವರೆಂದರೆ ಜನರ ಕಣ್ಣಿಗೆ ಬರುವುದು ಫೋಕ್ಸ್‌ವ್ಯಾಗನ್. 1960–70ರ ದಶಕದಲ್ಲಿ ಯುರೋಪಿನ ತರುಣರು ಟರ್ಕಿ, ಇರಾನ್, ಅಫ್ಘಾನಿಸ್ತಾನ ಹಾದು ಗೋವಾದವರೆಗೆ ಅಂಥ ವ್ಯಾನುಗಳನ್ನು ಓಡಿಸಿಕೊಂಡು ಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಎರಡೂ ಆಗಿ ಆ ದಾರಿ ಮುಚ್ಚಿತು. ನಮ್ಮ ಸಂಸಾರಗಳ ಕ್ಯಾಂಪರ್ ವ್ಯಾನ್ ಬೇರೆಯೇ ಇತ್ತು. ಹಿಂದಿನ ಸೀಟು ಬಿಚ್ಚಿ ಜಮಖಾನ ಹಾಸಿ, ಸ್ಟವ್, ಪಾತ್ರೆ, ಅವಲಕ್ಕಿ ಡಬ್ಬ ಏರಿಸಿ, ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ಹೊರಟರೆ ಊಟ, ನಿದ್ದೆ ಎಲ್ಲ ಮೆಟಡೋರ್‌ನಲ್ಲೇ. ಜರ್ಮನಿಯ ಟೆಂಪೊ ಸಂಸ್ಥೆಯೊಂದಿಗಿನ ಒಪ್ಪಂದದಿಂದ 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೊ ಕಂಪನಿಯ ಗಾಡಿ ಅದು. ಎಷ್ಟು ಬಳಕೆಗೆ ಬಂತೆಂದರೆ ನಮ್ಮಲ್ಲಿ ಯಾವುದೇ ವ್ಯಾನನ್ನೂ ಜನ ಮೆಟಡೋರ್ ಎಂದೇ ಕರೆದರು.

ಕಡಿಮೆ ಖರ್ಚಿನಲ್ಲಿ ಎಂಜಿನ್ ಮಾಡಿಸಬೇಕೆನ್ನುವವರಿಗೆ ಮೆಟಡೋರ್ ಒಂದು ವರ. ನಂತರದ ಮಾದರಿಗಳಲ್ಲಿ ಕೂತಿರುವುದು ಮರ್ಸಿಡಿಸ್ ಬೆಂಜ್ ಪರವಾನಗಿಯಡಿ ತಯಾರಾದ ಓಎಂ 616 ಡೀಸೆಲ್ ಎಂಜಿನ್: ನಾಲ್ಕು ಸಿಲಿಂಡರ್, 2.4 ಲೀಟರ್, ಸುಮಾರು 91 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ. ಬೆಂಜ್‌ನ 240 ಡಿ ಕಾರುಗಳಲ್ಲಿ ಓಡಿದ ಎಂಜಿನ್ ಇದೇ. ಬಜಾಜ್ ಟೆಂಪೊ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು; ಅದರ ಟ್ರ್ಯಾಕ್ಸ್ ಗಾಡಿಗಳಿಗೂ ಇದೇ ವಂಶದ ಎಂಜಿನ್ ಬಂತು. ನಮ್ಮ ಭಾಗದ ಹಳ್ಳಿ ರಸ್ತೆಗಳಲ್ಲಿ ಸೀಟು ತುಂಬಿಕೊಂಡು ಓಡುವ ಟ್ರ್ಯಾಕ್ಸ್ ಕ್ರೂಸರ್‌ಗಳಿಂದಾಗಿ ರಿಂಗು, ಬೇರಿಂಗು, ಪ್ಯಾಕಿಂಗ್ ಹುಡುಕಲು ಪುಣೆಗೆ ಹೋಗಬೇಕಿಲ್ಲ. ಪಾರ್ಟ್ ನಂಬರ್ ತಾಳೆ ನೋಡಿ ಕೊಳ್ಳಬೇಕು, ಅಷ್ಟೆ. ಫೋಕ್ಸ್‌ವ್ಯಾಗನ್ನಿನ ಹಳೇ ಗಾಳಿ ತಂಪಿನ ಎಂಜಿನ್ನಿಗೆ ಈ ಭಾಗ್ಯವಿಲ್ಲ. ಅದರ ಸಿಲಿಂಡರುಗಳು ಬಿಡಿಬಿಡಿ, ಪಿಸ್ಟನ್ ಸಮೇತ ಸೆಟ್ ಬದಲಿಸುವುದೇ ರೂಢಿ, ಆ ಸೆಟ್ ಹೊರದೇಶದಿಂದ ಬರಬೇಕು.

ಸವೆದ ಎಂಜಿನ್ ತಾನೇ ಹೇಳಿಕೊಳ್ಳುತ್ತದೆ. ಬೆಳಿಗ್ಗೆ ಹೀಟರ್ ಪ್ಲಗ್ ಕಾದ ಮೇಲೂ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಏರಿನಲ್ಲಿ ದಮ್ಮು ಕಟ್ಟುತ್ತದೆ, ನೀಲಿ ಹೊಗೆ ಬಿಡುತ್ತ ಆಯಿಲ್ ಕುಡಿಯುತ್ತದೆ. ಆಯಿಲ್ ಮುಚ್ಚಳ ತೆಗೆದರೆ ಉಸಿರಿನಂತೆ ಹೊಗೆ ತಳ್ಳಿ ಬರುವುದಕ್ಕೆ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಶನ್ ಎನ್ನುತ್ತಾರೆ. ಆದರೆ ಹೊಗೆ ಕಂಡ ಕೂಡಲೇ ಎಂಜಿನ್ ಇಳಿಸಬಾರದು. ಕಪ್ಪು ಹೊಗೆಗೆ ಕಟ್ಟಿದ ಏರ್ ಫಿಲ್ಟರೋ ಹಾಳಾದ ನೋಜಲೋ ಕಾರಣವಿರಬಹುದು. ಪಂಪು, ನೋಜಲ್ ಪರೀಕ್ಷೆಗೆ ಬೇರೆ ಅಂಗಡಿಯಿದೆ, ಬೇರೆ ಖರ್ಚು. ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಯಬೇಕು. ಒಂದೇ ಸಿಲಿಂಡರ್ ಬಿದ್ದಿದ್ದರೆ ವಾಲ್ವ್ ಕೂರದಿರಬಹುದು, ಹೆಡ್ ಇಳಿಸಿ ವಾಲ್ವ್ ಅರೆಸಿದರೆ ಮುಗಿಯಬಹುದು. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಬೋರ್ ನೋಡಲೇಬೇಕು.

ಈ ಕಸುಬಿನ ಮರ್ಮ ಅಲ್ಲಿದೆ. ಮೇಸ್ತ್ರಿ ಬೋರಿನ ಬಾಯಿಯಲ್ಲಿ ಉಗುರು ಆಡಿಸುತ್ತಾರೆ. ಪಿಸ್ಟನ್ ಮೇಲಕ್ಕೆ ಬಂದು ತಿರುಗುವ ಜಾಗದಲ್ಲಿ ಆಯಿಲಿನ ಪದರ ತೆಳು, ಬೆಂಕಿಯ ಒತ್ತಡ ಹೆಚ್ಚು. ಸವೆತ ಅಲ್ಲೇ ಜಾಸ್ತಿ. ಅದರ ಮೇಲೆ ಸವೆಯದೆ ಉಳಿದ ಅಂಚು ಉಗುರಿಗೆ ತಡೆಯುತ್ತದೆ. ಆಮೇಲೆ ಒಂದು ರಿಂಗನ್ನು ಬರಿಯ ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೂಕಿ ಸಮ ಮಾಡಿ, ರಿಂಗಿನ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಎಲೆ ತೂರಿಸುತ್ತಾರೆ. ಸಾಮಾನ್ಯ ಲೆಕ್ಕದಲ್ಲಿ 100 ಮಿ.ಮೀ. ಬೋರಿಗೆ 0.3 ಮಿ.ಮೀ.ಯಷ್ಟು ಸಂದು ಬೇಕು. ಕೆಳಗೆ, ಸವೆಯದ ಕಡೆ ಸರಿಯಾಗಿ ಹಿಡಿಯುವ ಎಲೆ, ಮೇಲೆ ತಂದಾಗ ಸಡಿಲವಾಗಿ ಆಡುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಸಾವಿರಾರು ರೂಪಾಯಿಯ ದಾರಿ ತೋರಿಸುತ್ತದೆ. ಬೋರ್ ಗೇಜ್ ಇದ್ದರೆ ಅಂಕಿಯೇ ಸಿಗುತ್ತದೆ. ಆ ಅಂಕಿಯನ್ನು ಕಂಪನಿಯ ಮಿತಿಯೊಂದಿಗೆ ಹೋಲಿಸಬೇಕು.

ಸವೆತ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿ (ಬೋರಿನ ಒಳಮೈಯನ್ನು ಕಲ್ಲಿನಿಂದ ತೀಡಿ), ರಿಂಗು ಮತ್ತು ಬಿಗ್ ಎಂಡ್ ಬೇರಿಂಗ್ ಬದಲಿಸುವ ಹಾಫ್ ಎಂಜಿನ್ ಕೆಲಸ ಸಾಕು. ಮಿತಿ ಮೀರಿದ ಬೋರಿಗೆ ಹೊಸ ರಿಂಗ್ ಹಾಕಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಮೊಟ್ಟೆಯಾಕಾರಕ್ಕೆ ಸವೆದ ಬೋರಿನಲ್ಲಿ ದುಂಡನೆಯ ರಿಂಗು ಸುತ್ತ ಒತ್ತಿ ಕೂರದು, ಕೆಲವೇ ತಿಂಗಳಲ್ಲಿ ನೀಲಿ ಹೊಗೆ ಮರಳಿ ಬಂದು ಕೂಲಿ, ಪ್ಯಾಕಿಂಗ್, ಆಯಿಲ್ ಎಲ್ಲ ಎರಡನೇ ಸಲ ತೆರಬೇಕಾಗುತ್ತದೆ. ಅಲ್ಲಿ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸುವುದೋ, ಹೊಸ ಸ್ಲೀವ್ ಒತ್ತಿಸಿ ಮೂಲ ಅಳತೆಗೆ ತರುವುದೋ ಆಗಲೇಬೇಕು. ಬಿಸಿಯಾದಾಗ ಆಯಿಲ್ ಲೈಟ್ ಮಿನುಗುತ್ತಿದ್ದರೆ ಕ್ರ್ಯಾಂಕನ್ನೂ ಮೈಕ್ರೋಮೀಟರಿನಲ್ಲಿ ಅಳೆಸಿ. ಹೊಳಪು ನೋಡಿ ಕ್ರ್ಯಾಂಕ್ ಚೆನ್ನಾಗಿದೆ ಎನ್ನುವ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ಉಳಿತಾಯ ಎಲ್ಲಿ? ಬಿಚ್ಚಿದ ಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆಯುವುದು, ಕಾರ್ಬನ್ ಕೆರೆಯುವುದು, ಕನೆಕ್ಟಿಂಗ್ ರಾಡ್‌ಗಳಿಗೆ ನಂಬರ್ ಹಾಕಿ ಜೋಡಿಸಿಡುವುದು, ಪಾರ್ಟ್ಸ್ ತರುವುದು ಗಾಡಿಯವರೇ ಮಾಡಬಹುದಾದ ಕೆಲಸ. ಅನೇಕ ಮೇಸ್ತ್ರಿಗಳು ಜೊತೆಗೆ ಕೂತು ಕೆಲಸ ಮಾಡುವವರನ್ನು ಸಂತೋಷದಿಂದ ಕೂರಿಸಿಕೊಳ್ಳುತ್ತಾರೆ. ಹೋನಿಂಗ್ ಆದ ಬೋರನ್ನು ಸೋಪು ನೀರಿನಲ್ಲಿ, ಬಿಳಿ ಬಟ್ಟೆ ಬಿಳಿಯಾಗಿಯೇ ಬರುವ ತನಕ ಒರೆಸುವುದಕ್ಕೆ ಖರ್ಚೇ ಇಲ್ಲ. ಹೋನಿಂಗ್ ಕಲ್ಲಿನ ಪುಡಿ ಒಳಗುಳಿದರೆ ಹೊಸ ರಿಂಗು ಅಲ್ಲೇ ಹಾಳು. ಲೇತಿನ ಕೆಲಸದಲ್ಲಿ, ಅಳತೆಯಲ್ಲಿ, ಬೇರಿಂಗಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವವರು ಮೊದಲೇ ಆರ್‌ಟಿಓದಲ್ಲಿ ವಿಚಾರಿಸಲಿ. ಎಂಜಿನ್ ನಂಬರ್ ಆರ್‌ಸಿಯೊಂದಿಗೆ ತಾಳೆಯಾಗದಿದ್ದರೆ ನೋಂದಣಿ ನವೀಕರಣದ ದಿನ ಅಷ್ಟೂ ದುಡ್ಡು ನೀರುಪಾಲು. ಖಾಸಗಿ ವಾಹನಕ್ಕೆ 15 ವರ್ಷದ ನಂತರ ಐದೈದು ವರ್ಷಕ್ಕೆ ಆ ಪರೀಕ್ಷೆ ಇದ್ದೇ ಇದೆ.

ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ ಹುಡುಗರು ಶೋರೂಮಿನ ಕಡೆ ನೋಡುವುದು ಸಹಜ. ಅಲ್ಲಿ ಪಾರ್ಟ್ ಬದಲಿಸುವುದನ್ನು ಕಲಿಯುತ್ತಾರೆ, ಸವೆದದ್ದನ್ನು ಅಳೆದು ಉಳಿಸುವುದು ಈ ಶೆಡ್ಡುಗಳಲ್ಲೇ ಕಲಿಯಬೇಕಾದ ವಿದ್ಯೆ. ಅಂಗಳದಲ್ಲಿ ಮೆಟಡೋರ್ ನಿಲ್ಲಿಸಿಕೊಂಡವರು ಗುಜರಿಯವನ ಕೈಗೆ ಒಪ್ಪಿಸುವ ಮುಂಚೆ ಒಮ್ಮೆ ಬೋರ್ ಅಳೆಸಿ ನೋಡಿ. ಕೆಲಸ ಮಾಡಿಸಿದರೆ ಪಿಸ್ಟನ್, ಕ್ರ್ಯಾಂಕಿನ ಅಳತೆಗಳನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಏರ್ ಫಿಲ್ಟರಿನ ಹೋಸ್ ಬಿರುಕು ಬಿಟ್ಟಿದ್ದರೆ ಅದೇ ದಿನ ಬದಲಿಸಿ.